ನನ್ನ ಫೈಲು ತೆರೆದವರು

ಬುಧವಾರ, ಆಫೀಸಿನ ಕ್ಯಾಂಟೀನು

ನನ್ನ ಮುದ್ದಿನ ಅಕ್ಕಾ,

ಫೋನು ಮಾಡುವುದು ಬಿಟ್ಟು ಕಾಗದ ಬರೆಯುತ್ತಿದ್ದಾಳೆ, ಇವಳಿಗೇನು ಬಂತು ಎಂದು ನಗಬೇಡ. ನಮ್ಮ ಮನೆಯ ಗೋಡೆ ತೆಳು, ಇವರ ಕಿವಿ ಚುರುಕು. ಮೊದಲು ಒಳ್ಳೆಯ ಸುದ್ದಿ: ನಾನು ತುಂಬಾ, ತುಂಬಾ ಸುಖವಾಗಿದ್ದೇನೆ! ಬೆಳಿಗ್ಗೆ ಕಾಫಿ ಇವರೇ ಮಾಡುತ್ತಾರೆ. ನನ್ನ ಗೊರಕೆಯೂ ಇವರಿಗೆ ಸಂಗೀತವಂತೆ! ಒಂದೇ ಕಂಪನಿಯಾದ್ದರಿಂದ ಒಂದೇ ಬಸ್ಸಿನಲ್ಲಿ ಹೋಗುತ್ತೇವೆ. ನಾನು ಕೆಳಗೆ ಗ್ರಾಹಕರ ವಿಭಾಗಕ್ಕೆ, ಇವರು ಮೇಲೆ ಕಾನೂನು ವಿಭಾಗಕ್ಕೆ. ಸಿಬ್ಬಂದಿಯ ಯಾವ ಮಾಹಿತಿ ಗಡಿ ದಾಟಿ ವಿದೇಶದ ಮುಖ್ಯ ಕಚೇರಿಗೆ ಹೋಗಬಹುದು, ಯಾವುದು ನಮ್ಮ ಒಪ್ಪಿಗೆಯಿಲ್ಲದೆ ಹೋಗಕೂಡದು ಎಂದು ನೋಡುವುದೇ ಇವರ ಕೆಲಸ. ಅಷ್ಟು ಜನರ ಗುಟ್ಟು ಕಾಯುವ ಗಂಡ ಎಂದು ನನಗೆಷ್ಟು ಜಂಬವಿತ್ತು ಗೊತ್ತಾ!

ಶನಿವಾರ ಇವರ ಗೆಳೆಯನ ಪಾರ್ಟಿಗೆ ಹೋಗಿದ್ದೆವು. ಹಾಡು ಶುರುವಾಗಿ ದೀಪಗಳು ಫಳಕ್ ಫಳಕ್ ಎಂದು ಮಿಟುಕತೊಡಗಿದ್ದೇ ತಡ, ಇವರು ಓಡಿಹೋಗಿ, "ಮೊದಲು ಆ ಲೈಟ್ ಆರ್ಸೋ, ಇವಳಿಗೆ ಆಗಲ್ಲ" ಎಂದರು. ಎಂಥ ಕಾಳಜಿ ಎಂದು ಒಂದು ಕ್ಷಣ ಉಬ್ಬಿಹೋದೆ. ಮರುಕ್ಷಣ ಹೊಳೆಯಿತು. ಚಿಕ್ಕಂದಿನಲ್ಲಿ ಮಿಟುಕುವ ಬೆಳಕು ಕಂಡರೆ ನನಗೆ ಫಿಟ್ಸ್ ಬರುತ್ತಿದ್ದದ್ದನ್ನು ನಾನು ಇವರಿಗೆ ಹೇಳೇ ಇಲ್ಲ! ಅದು ಗೊತ್ತಿರುವುದು ಅಮ್ಮನಿಗೆ, ನಿನಗೆ. ಬಿಟ್ಟರೆ, ವಿಮೆಗೆಂದು ಕಂಪನಿಗೆ ಕೊಟ್ಟ ಆರೋಗ್ಯದ ಫೈಲಿನಲ್ಲಿದೆ. ಮರುದಿನ ಕೇಳಿದ್ದಕ್ಕೆ, ತಾನು ಹೇಳಿಲ್ಲವೆಂದು ಅಮ್ಮ ಆಣೆ ಮಾಡಿದಳು.

ಪಾರ್ಟಿಯಿಂದ ವಾಪಸು ಬರುವಾಗಲೇ ಬಸ್ಸಿನಲ್ಲಿ ಇವರನ್ನು ಕೇಳಿದ್ದೆ. "ಆ ಲೈಟಿಗೆ ಯಾರಿಗಾದ್ರೂ ತಲೆನೋವು ಬರುತ್ತಪ್ಪ" ಎಂದು ನಕ್ಕು ಕಿಟಕಿಯ ಕಡೆ ತಿರುಗಿದರು. ಹೊರಗೆ ನೋಡಲು ಏನಿತ್ತು? ಬರೀ ಕಾಂಪೌಂಡ್ ಗೋಡೆ.

ಸೋಮವಾರ ನಾನೊಂದು ಘನಕಾರ್ಯ ಮಾಡಿದೆ. ನನ್ನ ಫೈಲನ್ನು ಯಾರು ಯಾರು ತೆರೆದಿದ್ದಾರೆ ಎಂದು ಕೇಳುವ ಹಕ್ಕು ನನಗಿದೆಯಲ್ಲ, ಅರ್ಜಿ ಹಾಕಿಬಿಟ್ಟೆ. ಅಂಥ ಅರ್ಜಿಗಳೆಲ್ಲ ಹೋಗಿ ಬೀಳುವುದು ಇವರ ಮೇಜಿಗೇ ಎಂದು ಈ ಜಾಣೆಗೆ ಹೊಳೆಯಲೇ ಇಲ್ಲ! ಸಂಜೆ ಶೂ ಬಿಚ್ಚುತ್ತಾ ಇವರು, "ನನ್ನನ್ನೇ ಕೇಳ್ಬೋದಿತ್ತಲ್ಲ?" ಎಂದರು. "ಕೇಳಿದ್ನಲ್ಲ, ತಲೆನೋವು ಅಂದ್ರಿ" ಎಂದೆ. ಹೆಂಡತಿಯ ಅರ್ಜಿಯನ್ನು ತಾವು ಮುಟ್ಟುವಂತಿಲ್ಲವಂತೆ, ತಮ್ಮ ಮೇಲಿನ ಮೇಡಂಗೆ ಕೊಟ್ಟಿದ್ದಾರಂತೆ. ಅಂದಿನಿಂದ ಕಾಫಿ ಬರುತ್ತದೆ, ಮಾತು ಬರುವುದಿಲ್ಲ.

ಅಕ್ಕಾ, ನೀನೇ ಹೇಳಿದ್ದು ತಾನೇ? ಮದುವೆಯ ಗಲಾಟೆಯಲ್ಲಿ, ಬಾಯಿ ತಪ್ಪಿ? ಹೌದು ಎಂದು ಬರೆದುಬಿಡು, ಪ್ಲೀಸ್. ಒಂದು ಚೂರೂ ಬೈಯುವುದಿಲ್ಲ. ಸುಳ್ಳಾದರೂ ಪರವಾಗಿಲ್ಲ.

ನಿನ್ನ ವಟವಟ,
ಕಪ್ಪೆಮರಿ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ಮೇಡಂ ಕರೆದರು. ಫೈಲು ತೆರೆದದ್ದು ಎರಡು ಸಲ, ಎರಡು ಸಲವೂ ಇವರೇ. ಮೊದಲನೆಯದು, ವಿದೇಶಕ್ಕೆ ಹೋಗುವ ಮಾಹಿತಿಯಿಂದ ಎಲ್ಲರ ಆರೋಗ್ಯದ ಪುಟಗಳನ್ನು ತೆಗೆದುಹಾಕುವಾಗ. ಅದು ಇವರ ಕೆಲಸ, ಬಿಡು. ಎರಡನೆಯದು, ನಮ್ಮ ಮನೆಗೆ ಮದುವೆಯ ಮಾತು ಕಳಿಸಿದ ಹಿಂದಿನ ದಿನ. ಗೊತ್ತಿದ್ದೂ ಒಪ್ಪಿದರಲ್ಲೇ ಎಂದು ನೀನು ಹೇಳುತ್ತೀಯ. ನನ್ನ ಒಪ್ಪಿಗೆ ಯಾರು ಕೇಳಿದರು? ನಿನ್ನ ಕೋಣೆಯಲ್ಲಿ ನನಗೊಂದು ಹಾಸಿಗೆ ಹಾಸಿಡು. ಇವರು ಫೋನು ಮಾಡಿದರೆ, ಬಂದಿದ್ದಾಳೆ ಎಂದಷ್ಟೇ ಹೇಳು. ಯಾಕೆ ಎನ್ನುವುದನ್ನು, ಹೇಳಬೇಕೆನಿಸಿದಾಗ, ನಾನೇ ಹೇಳುತ್ತೇನೆ.