ಲೋಟದ ಹೊರಗಿನ ನೀರು

ನವೆಂಬರ್ 4, ಸೋಮವಾರ

ಮೂರನೇ ಪೀರಿಯಡ್, ಆರನೇ ತರಗತಿ, ವಿಜ್ಞಾನ. ಈಗ ಹೊಸ ನಿಯಮ — ಒಬ್ಬರ ಪಾಠಕ್ಕೆ ಇನ್ನೊಬ್ಬ ಶಿಕ್ಷಕರು ಬಂದು ಕೂರಬೇಕು. ನನ್ನ ಪಾಲಿಗೆ ಡ್ರಿಲ್ ಮೇಷ್ಟ್ರು. ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತಿದ್ದು, ಕೊನೆಗೆ ಹೇಳಿದ್ದು: "ಪಾಠ ಜೋರಾಗಿತ್ತು ಟೀಚರ್. ಕೇಳಿದ ಪ್ರಶ್ನೆಗೆಲ್ಲ ನೀವೇ ಸರಿಯಾದ ಉತ್ತರ ಕೊಟ್ರಿ."

ಮೈಯೆಲ್ಲ ಉರಿಯಿತು. ಸೀಟಿ ಊದುವವರ ಬಾಯಲ್ಲಿ ಈ ಮಾತು!

ನವೆಂಬರ್ 5, ಮಂಗಳವಾರ

ಗಮನಿಸಿದೆ. ನಿಜ. ಪ್ರಶ್ನೆ ಹೊರಬೀಳುತ್ತಲೇ ಉತ್ತರವೂ ಹಿಂದೆಯೇ ಓಡಿ ಬರುತ್ತದೆ. ಮನೆಯಲ್ಲೂ ಅಷ್ಟೇ. "ಸುಸ್ತಾಯ್ತಾ? ಆಗಿರುತ್ತೆ ಬಿಡಿ" ಅಂದೆ. ಯಜಮಾನರು ತೆರೆದ ಬಾಯಿ ಹಾಗೇ ಮುಚ್ಚಿದರು.

ಟಿವಿಯಲ್ಲಿ ಸರ್ಕಾರಿ ಶಾಲೆ ಉದ್ಧಾರದ ಚರ್ಚೆ. ಶಿಕ್ಷಕರ ಗುಣಮಟ್ಟ ಅಂತ ಆರು ಜನ ಕಿರುಚಾಡುತ್ತಿದ್ದರು. "ಇವರಲ್ಲಿ ಮೇಷ್ಟ್ರು ಯಾರೇ?" ಅಂದರು ಯಜಮಾನರು. ಹುಡುಕಿದೆವು. ಒಬ್ಬರೂ ಇಲ್ಲ.

ನಾನು ಯಾಕೆ ಕಾಯಲಾರೆ? ಮಕ್ಕಳು ಸುಮ್ಮನಿದ್ದರೆ ನಾನು ಕಲಿಸಿಲ್ಲ ಅಂತಾಗುತ್ತದೆಂಬ ಹೆದರಿಕೆಯೇ? ತಿಳಿಯಬೇಕು... ಕಾದರೆ ಏನಾಗುತ್ತದೆ?

ನವೆಂಬರ್ 7, ಗುರುವಾರ

ಹೆಡ್‌ಮಿಸ್ ಕರೆಸಿದರು. "ನಿಮ್ಮ ಕ್ಲಾಸಿನ ಮಾರ್ಕ್ಸ್ ಕಡಿಮೆ ಕಣಮ್ಮ. ಮಂಗಳವಾರ ಶಿಕ್ಷಣ ಇಲಾಖೆ ಸಾಹೇಬ್ರು ಬಂದು ಪಾಠ ನೋಡ್ತಾರೆ. ಹಿಡಿಸದಿದ್ರೆ ಆರನೇ ಕ್ಲಾಸ್ ಸೈನ್ಸ್ ಬೇರೆಯವರಿಗೆ."

ಈ ಮಕ್ಕಳನ್ನು ಬಿಟ್ಟುಕೊಡಲು ನನಗೆ ಇಷ್ಟವಿಲ್ಲ.

ಆದರೂ ಪ್ರಯೋಗ ಮಾಡಿಯೇಬಿಟ್ಟೆ. ಪ್ರಶ್ನೆ ಕೇಳಿದೆ. ಹಲ್ಲು ಕಚ್ಚಿ ನಿಂತೆ. ಅಬ್ಬಾ, ಏನು ಕಷ್ಟ! 'ಮಾತು ಬೆಳ್ಳಿ, ಮೌನ ಬಂಗಾರ' ಎಂದು ಗೋಡೆಗೆ ಬರೆಸಿದವಳು ನಾನೇ — ಮಕ್ಕಳಿಗಾಗಿ. ಕಡೆಗೆ ಕಿಟಕಿ ಪಕ್ಕದ ಮೌನಗೌರಿ ಎದ್ದಳು. ಈ ವರ್ಷ ತುಟಿ ಬಿಚ್ಚದವಳು.

"ಟೀಚರ್... ಹುಷಾರಿಲ್ವಾ?"

ನವೆಂಬರ್ 12, ಮಂಗಳವಾರ, ಸಂಜೆ

ಸಾಹೇಬರು, ಹೆಡ್‌ಮಿಸ್ ಹಿಂದಿನ ಬೆಂಚಿನಲ್ಲಿ ಕೂತರು.

ಸ್ಟೀಲ್ ಲೋಟಕ್ಕೆ ನೀರು, ಐಸ್. ಹೊರಗೆಲ್ಲ ಹನಿ ಮೂಡಿತು. "ಈ ನೀರು ಎಲ್ಲಿಂದ ಬಂತು?" ಕೇಳಿ ಸುಮ್ಮನಾದೆ. ತರಗತಿಯೂ ಸುಮ್ಮನೆ. ಹೆಡ್‌ಮಿಸ್ ಕಣ್ಣಲ್ಲೇ 'ಹೇಳಮ್ಮ ಹೇಳು' ಅಂತಿದ್ದಾರೆ. ಸಾಹೇಬರು ಗಡಿಯಾರ ನೋಡಿದರು, ಕೆಮ್ಮಿದರು. ಅವರೂ ಹಿಂದೆ ಮೇಷ್ಟ್ರೇ ಅಲ್ಲವೇ — ತಡೆಯಲಾಗಲಿಲ್ಲ. "ನೋಡಿ ಮಕ್ಕಳೇ, ಗಾಳಿ—"

"ಸರ್, ಒಂದ್ನಿಮಿಷ! ಅವರೇ ಹೇಳ್ಲಿ."

ನಾನೇ ಅಂದದ್ದು. ಸಾಹೇಬರಿಗೆ!

ಮೌನಗೌರಿ ಎದ್ದಳು. "ಲೋಟ ಸೋರ್ತಿದೆ." ಎಲ್ಲರೂ ನಕ್ಕರು. ನಾನು ನಗಲಿಲ್ಲ. ತಪ್ಪು ಎಂದೂ ಅನ್ನಲಿಲ್ಲ. "ಸೋರ್ತಿದೆ ಅಂತ ಹೇಗೆ ನೋಡೋದು?" ಅವಳು ಲೋಟವನ್ನೇ ನೋಡಿದಳು. ಆಮೇಲೆ ಅವಳೇ: "ಒಳಗೆ ಮಸಿ ಹಾಕೋಣ. ಸೋರಿದ್ರೆ ಹೊರಗೂ ನೀಲಿ ಬರ್ಬೇಕು."

ಇಷ್ಟು ವರ್ಷ ಈ ಪಾಠ ಮಾಡಿದ್ದೇನೆ. ನನಗೆ ಇದು ಹೊಳೆದಿರಲಿಲ್ಲ. ಕುಣಿಯಬೇಕೆನಿಸಿತು. ಅಷ್ಟರಲ್ಲಿ ಬೆಲ್. ಸಾಹೇಬರು ಏನೋ ಗೀಚಿಕೊಂಡು ಎದ್ದುಹೋದರು.

ನವೆಂಬರ್ 15, ಶುಕ್ರವಾರ

ವರದಿ ಬಂತು. 'ತರಗತಿಯಲ್ಲಿ ದೀರ್ಘ ಮೌನ. ಪಾಠ ಅಪೂರ್ಣ.' ಸೋಮವಾರದಿಂದ ಆರನೇ ತರಗತಿಗೆ ಗಣಿತದ ಮೇಷ್ಟ್ರೇ ವಿಜ್ಞಾನವನ್ನೂ ಮಾಡುತ್ತಾರೆ. ನನಗೆ ತರಬೇತಿ. ಸ್ಟಾಫ್‌ರೂಮಿನಲ್ಲಿ ಮುಖ ತಗ್ಗಿಸಿ ಕೂತೆ. ಅಳು ಬಂತು, ಅತ್ತೆ. ಡ್ರಿಲ್ ಮೇಷ್ಟ್ರು ನೀರು ತಂದಿಟ್ಟು ಹೋದರು.

ಶಾಲೆ ಬಿಟ್ಟ ಮೇಲೆ ಬಾಗಿಲಲ್ಲಿ ಗದ್ದಲ. ನಾಲ್ಕೈದು ಮಕ್ಕಳು, ಮುಂದೆ ಲೋಟ ಹಿಡಿದ ಮೌನಗೌರಿ. ಕೈಯೆಲ್ಲ ಮಸಿ. ಜ್ಯೂಸ್ ಅಂಗಡಿಯಲ್ಲಿ ಐಸ್ ಕೇಳಿ ತಂದರಂತೆ. ಯಾರೂ ಹೇಳಿಕೊಟ್ಟಿಲ್ಲ.

"ಟೀಚರ್, ಒಳಗೆ ನೀಲಿ, ಹೊರಗೆ ಬರೀ ನೀರು! ಸೋರ್ತಿಲ್ಲ. ಹಾಗಾದ್ರೆ ಎಲ್ಲಿಂದ ಬಂತು?"

ಉತ್ತರ ನಾಲಿಗೆ ತುದಿಯಲ್ಲಿತ್ತು. ಸೋಮವಾರದಿಂದ ಇವರು ನನ್ನ ಮಕ್ಕಳಲ್ಲ; ಇವತ್ತೇ ಹೇಳಿಬಿಡಲೇ ಅನ್ನಿಸಿತು. ಹೇಳಲಿಲ್ಲ. ಅವಳು ಲೋಟದ ಸುತ್ತ ಬೆರಳಾಡಿಸಿದಳು. ಸುತ್ತಮುತ್ತ ನೋಡಿದಳು. ಲೋಟದ ಸುತ್ತ ಏನೇನಿದೆ, ಏನಿಲ್ಲ ಎಂದು ಹುಡುಕುವವಳ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, "ಟೀಚರ್, ಇಲ್ಲಿ ಗಾಳಿ ಬಿಟ್ರೆ ಬೇರೇನೂ ಇಲ್ವಲ್ಲ... ಗಾಳಿಯಿಂದ್ಲೇ ಬಂತಾ?" ಅಂದಳು.