ಇಬ್ಬರು ನೋಡಿದ ಹಕ್ಕಿ

ಅಪ್ಪಾ,

ಈ ಹಕ್ಕಿ ಹುಚ್ಚನ್ನು ನನ್ನ ಕುತ್ತಿಗೆಗೆ ಕಟ್ಟಿ ನೀನು ಆರಾಮಾಗಿ ಹೋಗಿಬಿಟ್ಟೆ. ಇವತ್ತು ಬೆಳಿಗ್ಗೆ ಮಕ್ಕಳಿಬ್ಬರನ್ನೂ ಕೆರೆಗೆ ಕರೆದುಕೊಂಡು ಹೋಗಿ ನನಗೆ ಸಾಕುಸಾಕಾಯಿತು. ಸಣ್ಣವನು ಬಿಸ್ಕತ್ತಿಗೆ ರಚ್ಚೆ ಹಿಡಿದ. ಅವನನ್ನು ಗದರಿಸುತ್ತಿದ್ದಾಗಲೇ ದೊಡ್ಡವಳು, "ಅಮ್ಮಾ, ಮಿಂಚುಳ್ಳಿ! ಅಲ್ಲಿ, ಅಲ್ಲಿ!" ಅಂತ ಕಿರುಚಿದಳು. ಆ ಕಿರುಚಾಟಕ್ಕೆ ಯಾವ ಹಕ್ಕಿ ತಾನೇ ಕೂತಿರುತ್ತೆ? ನಾನು ತಿರುಗುವಷ್ಟರಲ್ಲಿ ಹಾರಿಹೋಗಿತ್ತು.

ನೋಡಿದ ಹಕ್ಕಿಗಳನ್ನೆಲ್ಲ ನೀನು ಬರೆದಿಡುತ್ತಿದ್ದ ಪುಸ್ತಕದಲ್ಲಿ ಇದನ್ನೂ ಬರೀ ಅಂತ ಹಟ ಹಿಡಿದಳು. ಇಬ್ಬರು ನೋಡದ ಹಕ್ಕಿಯನ್ನು ಬರೆಯಬಾರದು ಅನ್ನೋದು ತಾತನ ಕಾನೂನು ಅಂದೆ.

"ಹಾಗಾದ್ರೆ ನಾನು ಸುಳ್ಳು ಹೇಳ್ತೀನಾ?" ಅಂತ ಮನೆ ತಲುಪುವವರೆಗೂ ಮುಖ ಊದಿಸಿಕೊಂಡಿದ್ದಳು.

ಎಂಥಾ ಕಾನೂನು ಮಾಡಿಟ್ಟು ಹೋದೆಯಪ್ಪಾ!

ಸಿಟ್ಟಿನಲ್ಲೇ ಪುಸ್ತಕ ತೆರೆದೆ. ಕೊನೆಯ ಸಾಲು ನಿನ್ನ ನಡುಗುವ ಅಕ್ಷರದಲ್ಲಿದೆ: "ಮರಕುಟಿಗ. ಆಸ್ಪತ್ರೆಯ ಕಿಟಕಿ. ನೋಡಿದವರು: ನಾನು, ಮಗಳು."

ಅವತ್ತು ನಾನು ಫೋನಿನಿಂದ ತಲೆ ಎತ್ತದೆಯೇ, "ಹ್ಞೂಂ, ನೋಡಿದೆ" ಅಂದಿದ್ದೆ. ನೀನು ಎರಡನೇ ಸಲ ಕೇಳಲಿಲ್ಲ.

ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಅದರ ಕೆಳಗೇ ಬರೆದೆ: "ಮಿಂಚುಳ್ಳಿ. ಕೆರೆಯ ದಂಡೆ. ನೋಡಿದವರು: ಮಗಳು, ನಾನು."