ಮಾಸ್ಕ್ ಹಾಕಿದ ಮೇಲೆ ಶುರುವಾದ ಏದುಸಿರು

ಸೋಲೊ,
೧೪ ಜೂನ್ ೨೦೨೧

ಮಾಸ್ ಪ್ರಸೋಜೊ ಅವರಿಗೆ,

ನೀವು ಹೆಂಡತಿ, ಮಗಳನ್ನು ಬಿಟ್ಟು ಸುರಬಾಯಕ್ಕೆ ಹೋಗಿ ಹದಿನಾಲ್ಕು ತಿಂಗಳಾದವು. ಫೋನ್ ಮಾಡಿದರೆ ಜಗಳವೇ ಆಗುತ್ತದೆಂದು ಕಾಗದ ಹಿಡಿದಿದ್ದೇನೆ. ಮಗಳ ವಿಷಯ, ಕೊನೆಯವರೆಗೂ ಓದಿ.

ಮಾರ್ಚಿನಲ್ಲಿ ಬ್ಯಾಡ್ಮಿಂಟನ್ ಹಾಲ್ ಮತ್ತೆ ತೆರೆಯಿತು. ಆಡುವಾಗಲೂ ಮಾಸ್ಕ್ ತೆಗೆಯುವಂತಿಲ್ಲ. ಎರಡನೇ ವಾರದಿಂದಲೇ ಲಾರಸ್ ಏದುಸಿರು ಬಿಡತೊಡಗಿದಳು. ಹತ್ತು ನಿಮಿಷಕ್ಕೆಲ್ಲ ಬೆಂಚಿನ ಮೇಲೆ ಕೂರುವಳು. "ಮಾಸ್ಕ್‌ನಿಂದ, ಅಮ್ಮ. ಒದ್ದೆಯಾಗಿ ಮೂಗಿಗೆ ಅಂಟ್ಕೊಳ್ಳುತ್ತೆ" ಎಂದಳು.

ನಾನು ನಂಬಲಿಲ್ಲ. ತರಬೇತಿ ತಪ್ಪಿಸಿಕೊಳ್ಳುವ ನೆಪ ಎಂದುಕೊಂಡೆ. ಕೋಚ್ ಪಾಕ್ ತುಲುಸ್ ಅವರೂ, "ಎಲ್ಲಾ ಮಕ್ಕಳೂ ಹಾಕ್ಕೊಂಡೇ ಆಡ್ತಿದ್ದಾರಲ್ಲ, ಬು ರೆಸ್ಮಿ. ನಿಮ್ಮೋಳಿಗೆ ಮಾತ್ರ ಉಸಿರು ಕಟ್ಟುತ್ತಾ?" ಎಂದರು. ಆಮೇಲೆ ಅವರ ಮೇಲೇ ಅನುಮಾನ ಬಂತು. ತಮ್ಮ ತಂಗಿಯ ಮಗಳನ್ನು ತಂಡಕ್ಕೆ ಸೇರಿಸಲು ಇವಳನ್ನು ಬೇಕೆಂದೇ ದಣಿಸುತ್ತಿರಬಹುದೆಂದು ಮೂರು ಸಂಜೆ ಬಾಗಿಲ ಸಂದಿಯಿಂದ ನೋಡಿದೆ. ಹಾಗೇನೂ ಇರಲಿಲ್ಲ. ಮಾಸ್ಕ್ ಒಗೆಯುವ ಸೋಪನ್ನೂ ಮೂಸಿ ನೋಡಿ ಬದಲಾಯಿಸಿದೆ.

ಕಳೆದ ಮಂಗಳವಾರ ಅವಳು ಕೋರ್ಟಿನಲ್ಲೇ ಕುಸಿದಳು. ಮಾಸ್ಕ್ ಕಿತ್ತೆಸೆದು ಕ್ಲಿನಿಕ್ಕಿಗೆ ಕರೆದೊಯ್ದೆ. ಇನ್ನು ಹಾಕಬಾರದೆಂದು ಬರೆದುಕೊಡಿ ಎಂದು ಡಾಕ್ಟರ್ ಹರ್ಯಂತಿಯವರ ಜೊತೆ ವಾದಕ್ಕಿಳಿದೆ. ಅವರು ರಕ್ತ ತೆಗೆದು ಮಲಗಿಸಿದರು. ಮರುದಿನ ಬೆರಳಿಗೆ ಕ್ಲಿಪ್ ಸಿಕ್ಕಿಸಿ ಕಾರಿಡಾರಿನಲ್ಲಿ ನಿಧಾನವಾಗಿ ನಡೆಸಿದರು, ಮಾಸ್ಕ್ ಹಾಕಿ ಒಮ್ಮೆ, ತೆಗೆದು ಒಮ್ಮೆ. ಆಮ್ಲಜನಕ ಎರಡು ಸಲವೂ ತೊಂಬತ್ತೆಂಟು. ಆದರೆ ನಾಡಿ ಮಾಸ್ಕ್ ಇಲ್ಲದಾಗಲೂ ನೂರಮೂವತ್ತು ದಾಟಿತು.

"ಮಾಸ್ಕ್ ಹಾಕಿದ್ರೆ ಮುಖ ಬಿಸಿಯಾಗುತ್ತೆ, ಉಸಿರು ಎಳೆಯೋದು ಸ್ವಲ್ಪ ಭಾರ ಅನ್ಸುತ್ತೆ, ಬೇಗ ಸುಸ್ತೂ ಆಗ್ಬಹುದು. ತೆಗೆದ್ರೂ ಹೀಗೇ ಅಂದ್ರೆ ಕಾರಣ ಬೇರೆ" ಎಂದು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದರು. ಒಳಗೆ ಕೆಂಪೇ ಇರಲಿಲ್ಲ. ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು.

ಅವಳ ಬರಿ ಮುಖವನ್ನು ಸರಿಯಾಗಿ ನೋಡಿದ್ದು ಆಗಲೇ. ಜೊತೆಗಿರುವ ಅಜ್ಜಿಗೆ ಸೋಂಕು ತಗುಲಬಾರದೆಂದು ಮನೆಯಲ್ಲೂ ಮಾಸ್ಕ್ ತೆಗೆಯುತ್ತಿರಲಿಲ್ಲ. ನಾನು ಬಾತಿಕ್ ಬಟ್ಟೆ ಅಂಗಡಿಯ ಕೆಲಸ ಮುಗಿಸಿ ಬರುವಷ್ಟರಲ್ಲಿ ಊಟ ಆಯಿತೆಂದು ಕೋಣೆ ಸೇರುತ್ತಿದ್ದಳು. ಜಾಣೆ ಎಂದು ಹೊಗಳಿದ್ದೆ. ಕೆನ್ನೆ ಬತ್ತಿ ಹೋಗಿದೆ, ಮಾಸ್. ಐದು ತಿಂಗಳಿಂದ ಅವಳ ತಟ್ಟೆಯ ಅನ್ನ, ಸೋಯಾ ತೆಂಪೆ ಎಲ್ಲ ಪಕ್ಕದ ಮನೆಯ ಕೋಳಿಗಳ ಪಾಲಾಗುತ್ತಿತ್ತಂತೆ. "ತೂಕ ಇಳಿದ್ರೆ ನೆಟ್ ಹತ್ರ ಬೇಗ ತಲುಪ್ತೀನಿ" ಎಂದಳು. ದಪ್ಪ ಎಂದು ಯಾರು ಹೇಳಿದರೆಂದು ಡಾಕ್ಟರ್ ಕೇಳಿದರೆ ಗೋಡೆ ಕಡೆ ತಿರುಗಿದಳು.

ಪ್ರತಿ ಭಾನುವಾರ ಫೋನಿನಲ್ಲಿ ಅವಳ ಜೊತೆ ಆಟದ ಬಗ್ಗೆ ಮಾತಾಡುವವರು ನೀವೊಬ್ಬರೇ. ನೀವೇ ಹೇಳಿದ್ದಾದರೆ ಒಪ್ಪಿಕೊಂಡು ಬರೆಯಿರಿ. ನಾನು ಕೂಗಾಡುವುದಿಲ್ಲ. ಹೇಳಿದವರೇ ಆ ಮಾತನ್ನು ಹಿಂತೆಗೆದುಕೊಂಡರೆ ಅವಳು ತಿನ್ನುವುದು ಸುಲಭವಾದೀತು ಎಂದಿದ್ದಾರೆ ಡಾಕ್ಟರ್.

ಉತ್ತರದ ದಾರಿ ನೋಡುತ್ತಿರುವ,
ರೆಸ್ಮಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಲಾರಸ್‌ಗೆ ಓದಿ ಹೇಳಿದೆ. "ಅಪ್ಪ ಅಲ್ಲ. ಜನವರೀಲಿ ಹೊಸ ಸ್ಕರ್ಟ್ ಹಾಕ್ದಾಗ ನೀನೇ ಅಂದೆ, ಅಮ್ಮ" ಎಂದಳು. ನೆನಪಿಲ್ಲ ಎಂದು ಬರೆಯಹೊರಟಿದ್ದೆ. ನೆನಪಿದೆ. ಅಪ್ಪನ ಹಾಗೇ ದಪ್ಪಗಾಗ್ತಿದ್ದೀಯ ಎಂದಿದ್ದೆ. ಸಿಟ್ಟಿದ್ದದ್ದು ನಿಮ್ಮ ಮೇಲೆ. ಅವಳ ಕ್ಷಮೆ ಕೇಳಿದೆ. ಆಮೇಲೆ ಅರ್ಧ ಬಟ್ಟಲು ಗಂಜಿಯನ್ನು ನನ್ನ ಎದುರೇ ಕುಡಿದಳು. ಸಾಧ್ಯವಾದರೆ ಒಮ್ಮೆ ಬಂದು ಹೋಗಿ.